ಸ್ಕ್ಯಾನ್ ಓದುವ ಯಂತ್ರದೊಂದಿಗೆ ವಾರ್ಡಿನಲ್ಲಿ

ಸಿಟಿ ಯಂತ್ರದ ಮೇಲಿಂದ ರೋಗಿಯನ್ನು ಇಳಿಸುವಷ್ಟರಲ್ಲಿ ಮಷೀನ್ ಲರ್ನಿಂಗ್ ಸಾಫ್ಟ್‌ವೇರ್ ತನ್ನ ಅಭಿಪ್ರಾಯ ಹೇಳಿಬಿಡುವ ಕಾಲ ಇದು. ಅದನ್ನು ಬೈಯುವ ವೈದ್ಯರೂ ಇದ್ದಾರೆ, ಪೂಜಿಸುವವರೂ ಇದ್ದಾರೆ. ನರರೋಗ ವಿಭಾಗದಲ್ಲಿ ಅದರೊಂದಿಗೆ ಏಗುತ್ತಿರುವ ನನಗೆ ಕಂಡಿದ್ದಿಷ್ಟು: ಯಂತ್ರ ಎಷ್ಟು ಚುರುಕು ಎಂಬುದಕ್ಕಿಂತ, ಅದನ್ನು ಯಾವ ಪ್ರಶ್ನೆಯ ಮುಂದೆ ನಿಲ್ಲಿಸುತ್ತೇವೆ ಎಂಬುದೇ ಮುಖ್ಯ.

1. ಹೊತ್ತು ಮೀರುವ ಕಾಯಿಲೆಯಲ್ಲಿ ಮೊದಲು ಬಳಸಿ

ಮೆದುಳಿನ ದೊಡ್ಡ ರಕ್ತನಾಳ ಮುಚ್ಚಿ ಲಕ್ವ ಹೊಡೆದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದ್ದರು. ಇಲ್ಲಿ ಸಾಫ್ಟ್‌ವೇರ್‌ನ ದೊಡ್ಡ ಉಪಕಾರ ರೋಗ ಕಂಡುಹಿಡಿಯುವುದಲ್ಲ, ಸಾಲು ತಪ್ಪಿಸುವುದು. ನಾಳ ಮುಚ್ಚಿದಂತೆ ಕಂಡರೆ ಆ ಸ್ಕ್ಯಾನನ್ನು ಸರದಿಯ ಮೊದಲಿಗೆ ತಂದು, ಮನೆಯಲ್ಲಿ ಮಲಗಿರುವ ತಜ್ಞರ ಫೋನಿಗೆ ಗಂಟೆ ಬಾರಿಸುತ್ತದೆ.

ಚಿಕಿತ್ಸೆಯನ್ನೇ ಬದಲಿಸಿದ್ದು ಇನ್ನೊಂದು ಕೆಲಸ. ಕೊಳವೆ ತೂರಿಸಿ ಹೆಪ್ಪು ಎಳೆದು ತೆಗೆಯಲು ಮೊದಲು ಆರು ಗಂಟೆಯ ಗಡುವಿತ್ತು. 2018ರ ಆಸುಪಾಸಿನಲ್ಲಿ ಹೊರಬಂದ ಡಾನ್ ಮತ್ತು ಡಿಫ್ಯೂಸ್-3 ಎಂಬ ಎರಡು ಪ್ರಯೋಗಗಳು, ಆಯ್ದ ರೋಗಿಗಳಲ್ಲಿ ಅದನ್ನು ಕ್ರಮವಾಗಿ 24 ಮತ್ತು 16 ಗಂಟೆಗೆ ಹಿಗ್ಗಿಸಿದವು. ಆಯ್ಕೆ ಹೇಗೆ? ಸತ್ತುಹೋದ ಭಾಗ ಎಷ್ಟು, ಇನ್ನೂ ಉಳಿಸಿಕೊಳ್ಳಬಹುದಾದ್ದು ಎಷ್ಟು ಎಂದು ಸ್ಕ್ಯಾನಿನಿಂದ ಅಳೆದು. ಆ ಅಳತೆಗೆ ಸಾಫ್ಟ್‌ವೇರ್ ಬೇಕಾಯಿತು. ಕಣ್ಣಂದಾಜಿನಲ್ಲಿ ಮಿಲಿಲೀಟರ್ ಲೆಕ್ಕ ಹೇಳುವ ವೈದ್ಯರನ್ನು ನಾನಂತೂ ಕಂಡಿಲ್ಲ.

2. ಯಂತ್ರ ಇದೆಯೆಂದು ರೋಗಿಯ ಮನೆಯವರನ್ನು ಕೇಳುವುದು ಬಿಡಬೇಡಿ

ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಎಣಿಕೆ ಶುರುವಾಗುವುದು ರೋಗಿ ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ. ಒಂದು ಮುಂಜಾನೆ ಆರೂವರೆಗೆ ಬಂದ ರೈತರೊಬ್ಬರ ಚೀಟಿಯಲ್ಲಿ "ರಾತ್ರಿ 10ಕ್ಕೆ ಮಲಗಿದ್ದಾರೆ, ಎದ್ದಾಗ ಲಕ್ವ" ಎಂದು ಬರೆದಿತ್ತು. ಆ ಲೆಕ್ಕದಲ್ಲಿ ಇಂಜೆಕ್ಷನ್ನಿನ ಹೊತ್ತು ಮೀರಿತ್ತು. ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಯಜಮಾನ್ರು ರಾತ್ರಿ ಮಧ್ಯೆ ಎದ್ದಿದ್ರಾ ಅಮ್ಮಾ?"

"ಮೂರು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತಲ್ಲ ಡಾಕ್ಟ್ರೇ, ಮೋಟ್ರು ಹಾಕಕ್ಕೆ ಹೋಗಿದ್ರು. ವಾಪಸ್ ಬಂದು ನೀರು ಕೇಳಿ ಕುಡುದ್ರು."

"ಆಗ ಮಾತು ಸರಿಯಾಗಿತ್ತಾ?"

"ಸರಿಯಾಗೇ ಇತ್ತು. ವೋಲ್ಟೇಜಿಲ್ಲ ಅಂತ ಬೈಕೋತಾನೇ ಬಂದ್ರು."

ಇನ್ನೂ ಒಂದು ಗಂಟೆ ಕೈಯಲ್ಲಿತ್ತು. ಎಂಆರ್‌ಐನಲ್ಲಿ ಎರಡು ಬಗೆಯ ಚಿತ್ರಗಳನ್ನು ಹೋಲಿಸಿ ಹೊತ್ತು ಅಂದಾಜು ಮಾಡುವ ದಾರಿಯೂ ಇದೆ, ನಿಜ. ಆದರೆ ಬೆಳಗಿನ ಜಾವ ಎಂಆರ್‌ಐ ತೆರೆದಿರುವ ಆಸ್ಪತ್ರೆಗಳು ನಮ್ಮ ಕಡೆ ಎಷ್ಟಿವೆ?

3. ಯಂತ್ರ ಎಲ್ಲಿ ಓದಿ ಬಂದಿದೆ ಎಂದು ವಿಚಾರಿಸಿ

ಇಪ್ಪತ್ತರ ಹರೆಯದ ಹುಡುಗನಿಗೆ ಫಿಟ್ಸ್ ಬಂದು, ಸ್ಕ್ಯಾನಿನಲ್ಲಿ ಉಂಗುರದಂತೆ ಹೊಳೆಯುವ ಒಂದು ಸಣ್ಣ ಗಂಟು ಕಂಡರೆ ನಮ್ಮ ದೇಶದ ನರವೈದ್ಯರಿಗೆ ಮೊದಲು ನೆನಪಾಗುವುದು ಲಾಡಿಹುಳದ ಮರಿ ಅಥವಾ ಕ್ಷಯ. ಗಡ್ಡೆಯನ್ನು ಗುರುತಿಸಲು ಜಗತ್ತಿನಾದ್ಯಂತ ಸಂಶೋಧಕರು ಬಳಸುವ ಬ್ರಾಟ್ಸ್ ಎಂಬ ಚಿತ್ರಸಂಗ್ರಹ 2012ರಲ್ಲಿ ಶುರುವಾಯಿತು. ಬಹಳ ವರ್ಷ ಅದರಲ್ಲಿದ್ದದ್ದು ಗ್ಲಯೋಮಾ ಎಂಬ ಗಡ್ಡೆಯ ಚಿತ್ರಗಳೇ. ಅಷ್ಟನ್ನೇ ಕಲಿತ ಮಾದರಿಗೆ ಹುಳದ ಗಂಟು ತೋರಿಸಿದರೆ ಅದಕ್ಕೂ ಗಡ್ಡೆಯ ಬಣ್ಣ ಬಳಿಯುತ್ತದೆ. ಅಚ್ಚುಕಟ್ಟಾಗಿ, ಅಂಚು ತಪ್ಪದಂತೆ. "ಇದು ನನಗೆ ಗೊತ್ತಿಲ್ಲ" ಎನ್ನುವ ಗುಂಡಿಯೇ ಅದಕ್ಕಿಲ್ಲ.

ಹುಳದ ಗಂಟು ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗಿ ಕರಗುತ್ತದೆ. ಗಂಟು ಒಂದೇ ಇದ್ದು 20 ಮಿಲಿಮೀಟರ್ ಮೀರಿಲ್ಲವೇ, ಮೆದುಳಿನ ನಡುಗೆರೆ ಸರಿದಿಲ್ಲವೇ, ಕೈಕಾಲಿನ ಬಲ ದಿನೇದಿನೇ ಕುಗ್ಗುತ್ತಿಲ್ಲವೇ ಎಂದೆಲ್ಲ ನೋಡುವ ಮಾನದಂಡಗಳನ್ನು ವೆಲ್ಲೂರಿನ ಸಿಎಂಸಿ ವೈದ್ಯರು ಎಂದೋ ಕೊಟ್ಟಿದ್ದಾರೆ. ಎಷ್ಟೋ ತಲೆಬುರುಡೆಗಳನ್ನು ತೆರೆಯದೆ ಉಳಿಸಿದ್ದು ಆ ಪಟ್ಟಿ. ಹೊಸ ಸಾಫ್ಟ್‌ವೇರ್ ಮಾರಲು ಬಂದವರಿಗೆ ನನ್ನ ಮೊದಲ ಪ್ರಶ್ನೆ: "ನಿಮ್ಮ ತರಬೇತಿ ಚಿತ್ರಗಳಲ್ಲಿ ಕ್ಷಯ, ಹುಳ ಎಷ್ಟಿವೆ?" ಹೆಚ್ಚಿನವರು ಆಗ ಚಹಾ ಲೋಟದ ಕಡೆ ನೋಡುತ್ತಾರೆ.

4. ನೂರಕ್ಕೆ ತೊಂಬತ್ತು ಎಂದರೆ ಕಾಗದ ಪೆನ್ನು ತೆಗೆದುಕೊಳ್ಳಿ

ಮರೆವಿನ ಕಾಯಿಲೆ ಹುಡುಕಲು ಶಿಬಿರ ಮಾಡಿ 1,000 ಹಿರಿಯರ ಸ್ಕ್ಯಾನ್ ತೆಗೆದಿರಿ ಎನ್ನೋಣ. ಅವರಲ್ಲಿ 50 ಮಂದಿಗೆ ಕಾಯಿಲೆ ಇದೆ. ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ಶೇ. 90ರಷ್ಟು ಸರಿ ಹೇಳುವ ಮಾದರಿ 45 ಮಂದಿಯನ್ನು ಹಿಡಿಯುತ್ತದೆ. ಉಳಿದ 950 ಮಂದಿಯಲ್ಲಿ 95 ಜನರಿಗೆ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಅಂದರೆ "ಕಾಯಿಲೆ ಇದೆ" ಎನಿಸಿಕೊಂಡ ಮೂವರಲ್ಲಿ ಇಬ್ಬರಿಗೆ ಏನೂ ಇಲ್ಲ. ಅದೇ ಮಾದರಿಯನ್ನು ಅರ್ಧಕ್ಕರ್ಧ ರೋಗಿಗಳಿರುವ ಮೆಮೊರಿ ಕ್ಲಿನಿಕ್ಕಿನಲ್ಲಿಟ್ಟರೆ ಹತ್ತರಲ್ಲಿ ಒಂಬತ್ತು ಎಚ್ಚರಿಕೆ ನಿಜ.

5. ಒಬ್ಬರ ಮೆದುಳು ಎರಡೂ ಕಡೆ ಇರಬಾರದು

ಒಂದು ಎಂಆರ್‌ಐನಲ್ಲಿ ನೂರಾರು ಪದರಗಳಿರುತ್ತವೆ. ಒಬ್ಬರದೇ ಪದರಗಳಲ್ಲಿ ಕೆಲವನ್ನು ತರಬೇತಿಗೂ ಕೆಲವನ್ನು ಪರೀಕ್ಷೆಗೂ ಹಾಕಿದರೆ ಯಂತ್ರ ರೋಗವನ್ನಲ್ಲ, ಮನುಷ್ಯನನ್ನು ಗುರುತು ಹಿಡಿಯುತ್ತದೆ. ಎಂಆರ್‌ಐ ನೋಡಿ ಅಲ್ಝೈಮರ್ಸ್ ಗುರುತಿಸುವ ಮಾದರಿಗಳ ಪ್ರಬಂಧಗಳನ್ನು 2020ರಲ್ಲಿ ಜಾಲಾಡಿದ ಸಮೀಕ್ಷೆಯೊಂದು, ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಈ ಬಗೆಯ ಸೋರಿಕೆ ಇದ್ದಿರಬಹುದು ಎಂದಿತು. ಶೇ. 98 ಎಂಬ ಅಂಕಿ ಕಂಡರೆ ನಾನು ಮೊದಲು ತೆರೆಯುವುದು ದತ್ತಾಂಶ ಹಂಚಿದ ಬಗೆ ಹೇಳುವ ಪುಟವನ್ನು.

6. ಸ್ಕ್ಯಾನರ್ ಬದಲಾದ ದಿನ ಮತ್ತೆ ಪರೀಕ್ಷಿಸಿ

ಎಂಆರ್‌ಐ ಕಾಂತದ ಬಲ 1.5 ಟೆಸ್ಲಾದಿಂದ 3 ಟೆಸ್ಲಾಗೆ ಹೋದರೂ ಅಷ್ಟೇ, ಬರೀ ಸ್ಕ್ಯಾನರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಆದರೂ ಅಷ್ಟೇ. ಚಿತ್ರ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಮೊದಲಿನಂತೆಯೇ ಕಾಣಬಹುದು, ಅದನ್ನು ಓದುವ ಯಂತ್ರಕ್ಕೆ ಹಾಗೆ ಕಾಣದಿರಬಹುದು. ಇದನ್ನು ಆಸ್ಪತ್ರೆಯ ಖರೀದಿ ವಿಭಾಗಕ್ಕೆ ಮನವರಿಕೆ ಮಾಡುವುದೇ ದೊಡ್ಡ ಸಾಹಸ.

7. ಪರ್ಸೆಂಟೈಲ್ ಬರೆದ ವರದಿಯನ್ನು ಬರಿದೇ ಕೈಗೆ ಕೊಡಬೇಡಿ

ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗವನ್ನು ಅಳೆದು, ಅದೇ ವಯಸ್ಸಿನ ನೂರು ಜನರ ಸಾಲಿನಲ್ಲಿ ಅದರ ಸ್ಥಾನ ಎಷ್ಟನೆಯದು (ಪರ್ಸೆಂಟೈಲ್) ಎಂದು ಹೋಲಿಸಿ ಹೇಳುವ ಸಾಫ್ಟ್‌ವೇರ್‌ಗಳಿವೆ. ನಾವು ವಿವರಿಸುವಷ್ಟರಲ್ಲಿ ವರದಿಯ ಫೋಟೋ ಮನೆಮಂದಿಯ ವಾಟ್ಸ್ಯಾಪ್ ಗುಂಪಿಗೆ ಹೋಗಿರುತ್ತದೆ. "4ನೇ ಪರ್ಸೆಂಟೈಲ್ ಅಂದ್ರೆ ಅಮ್ಮನಿಗೆ ನೂರಕ್ಕೆ ನಾಲ್ಕು ಮಾರ್ಕ್ಸಾ ಡಾಕ್ಟ್ರೇ?" ಎಂದು ಮಗಳೊಬ್ಬರು ಕೇಳಿದ್ದರು. ನಾನು ಮರುಪ್ರಶ್ನೆ ಹಾಕಬೇಕಾದ್ದು ಸಾಫ್ಟ್‌ವೇರ್‌ಗೆ: ಯಾರ ಜೊತೆ ಹೋಲಿಸಿದೆ? ಭಾರತೀಯರನ್ನು ಅಳೆಯುವ ನಮ್ಮದೇ ಅಳತೆಗೋಲು ಈಗಷ್ಟೇ ತಯಾರಾಗುತ್ತಿದೆ. ನಿಮ್ಹಾನ್ಸ್ ತಂಡ 6ರಿಂದ 60 ವರ್ಷದವರೆಗಿನ ಭಾರತೀಯರ ಮೆದುಳಿನ ಮಾದರಿ ನಕ್ಷೆಗಳನ್ನು ರೂಪಿಸಿದೆ. ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸುತ್ತಿದೆ.

ಆ ತಾಯಿಯ ಬಿ12 ಮತ್ತು ಥೈರಾಯ್ಡ್ ಪರೀಕ್ಷೆಗೆ ಬರೆದುಕೊಟ್ಟೆ, ಕಿವಿ ಕೇಳಿಸುತ್ತದೆಯೇ ಎಂದು ನೋಡಿದೆ, ನಿದ್ರೆಮಾತ್ರೆಯ ಚೀಟಿ ಕೇಳಿದೆ. ವರದಿಯ ಅಂಕಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆದೆ: "ಇದು ಪರೀಕ್ಷೆಯ ಅಂಕವಲ್ಲ. ಆರು ತಿಂಗಳ ಬಳಿಕ ಬನ್ನಿ, ಅಡುಗೆ ಮತ್ತು ಚಿಲ್ಲರೆ ಎಣಿಕೆ ಹೇಗೆ ನಡೆದಿದೆ ಎಂದು ಬರೆದಿಟ್ಟುಕೊಂಡು ಬನ್ನಿ."