ಮಳೆಗಾಲಕ್ಕೆ ಮುನ್ನ ಬಟ್ಟೆಯ ಪೆಟ್ಟಿಗೆ

ಬಟ್ಟೆಯ ಪೆಟ್ಟಿಗೆಯನ್ನು ಕುರಿತೂ ಒಂದು ಲೇಖನವೇ ಎಂದು ವಾಚಕರು ಮೂಗಿನ ಮೇಲೆ ಬೆರಳಿಡಬಹುದು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಪಂಪನ ಕಾವ್ಯವನ್ನೋ ನಮ್ಮ ಸಂವಿಧಾನವನ್ನೋ ಕುರಿತು ಬರೆಯುವುದು ವಾಡಿಕೆ. ಆದರೆ ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಈ ಶಾಸ್ತ್ರಕ್ಕೆ ‘ಇಕನಾಮಿಕ್ಸ್’ ಎಂಬ ಹೆಸರು ಬಂದುದು ಗ್ರೀಕ್ ಭಾಷೆಯ ‘ಓಯ್ಕೊನೊಮಿಯಾ’ ಎಂಬ ಮಾತಿನಿಂದ. ಅದರ ಅರ್ಥ ಮನೆವಾರ್ತೆಯ ನಿರ್ವಹಣೆ. ಹಾಗಿರುವಾಗ ಮನೆಯ ಮೂಲೆಯಲ್ಲಿರುವ ಪೆಟ್ಟಿಗೆ ನಮ್ಮ ಶಾಸ್ತ್ರಕ್ಕೆ ಹೊರಗಿನದಲ್ಲ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿದ್ದ ಗ್ರೀಕ್ ಲೇಖಕ ಕ್ಸೆನೊಫೋನನು ‘ಓಯ್ಕೊನೊಮಿಕಸ್’ ಎಂಬ ಹೆಸರಿನ ಸಂವಾದಗ್ರಂಥವನ್ನು ಬರೆದನು. ಅದರಲ್ಲಿ ಇಸ್ಕೊಮಾಕಸ್ ಎಂಬ ಗೃಹಸ್ಥನು ತಾನು ಕಂಡ ಒಂದು ಫಿನೀಷಿಯನ್ ಹಡಗನ್ನು ಹೊಗಳುತ್ತಾನೆ. ಅಲ್ಲಿ ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಸಾಮಾನು ಇತ್ತು. ಆದರೂ ಯಾವ ವಸ್ತು ಎಲ್ಲಿದೆಯೆಂದು ಹಡಗಿನವನು ನೋಡದೆಯೇ ಹೇಳಬಲ್ಲವನಾಗಿದ್ದನಂತೆ. ಬಿರುಗಾಳಿ ಎದ್ದಾಗ ಬೇಕಾದುದನ್ನು ಹುಡುಕುತ್ತ ಕೂರಲು ಕಾಲವಿರುವುದಿಲ್ಲ ಎಂಬುದು ಅವನು ಕೊಟ್ಟ ಕಾರಣ. ಇಸ್ಕೊಮಾಕಸನು ಮನೆಗೆ ಬಂದು ಹಬ್ಬದ ಉಡುಪು ಒಂದು ಕಡೆ, ನಿತ್ಯದ್ದು ಒಂದು ಕಡೆ ಎಂದು ಹೆಂಡತಿಯೊಡನೆ ಎಲ್ಲವನ್ನೂ ವಿಂಗಡಿಸಿದನು. ನಮ್ಮ ಮಲೆನಾಡಿನವರಿಗೆ ಆ ಬಿರುಗಾಳಿ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಅದಕ್ಕೆ ಮಳೆಗಾಲವೆಂದು ಹೆಸರು.

ಮಳೆಗಾಲವು ಬಟ್ಟೆಗೆ ಮಾಡುವುದೇನು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಅದರ ಬಹುಪಾಲು ಬೀಳುವುದು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಆ ದಿನಗಳಲ್ಲಿ ಒಗೆದ ಬಟ್ಟೆ ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಹೊಗೆ ಕುಡಿದು ಒಣಗಬೇಕು. ಗಾಳಿಯ ತೇವಾಂಶ ನೂರಕ್ಕೆ ಎಪ್ಪತ್ತನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಬೆಳೆಯಲು ಅನುಕೂಲ. ಹತ್ತಿಯ ನೂಲು, ಅದಕ್ಕೆ ಹಾಕಿದ ಗಂಜಿ, ಕಾಲರಿಗೆ ಅಂಟಿದ ಬೆವರು, ಇವೆಲ್ಲ ಬೂಷ್ಟಿಗೆ ಆಹಾರ. ಕಪ್ಪು ಚುಕ್ಕೆ ಒಮ್ಮೆ ಬೇರೂರಿದರೆ ಸಾಬೂನಿಗೆ ಬಗ್ಗುವುದಿಲ್ಲ.

ಹುಳುಗಳ ಕಾಟ ಬೇರೆ. ಹಳೆಯ ಪುಸ್ತಕಗಳಲ್ಲಿ ಸರಿದಾಡುವ ಬೆಳ್ಳಿಬಣ್ಣದ ಚಪ್ಪಟೆ ಹುಳುವಿಗೆ ಗಂಜಿಯೆಂದರೆ ಪ್ರೀತಿ. ಉಣ್ಣೆ ರೇಷ್ಮೆಗಳನ್ನು ತಿನ್ನುವುದು ಬಟ್ಟೆನುಸಿಯ ಮರಿ. ಹಾರಾಡುವ ನುಸಿಯನ್ನು ಹೊಡೆದು ಕೊಂದು ತೃಪ್ತಿಪಡುವವರುಂಟು. ಆದರೆ ಅದು ಬಟ್ಟೆ ತಿನ್ನುವುದಿಲ್ಲ, ಮೊಟ್ಟೆಯಿಡುತ್ತದೆ. ಆ ಮೊಟ್ಟೆಯಿಂದ ಬರುವ ಮರಿಯೇ ತೂತು ಮಾಡುವುದು. ಉಣ್ಣೆಯೂ ರೇಷ್ಮೆಯೂ ಪ್ರಾಣಿಜನ್ಯವಾದ ಸಸಾರಜನಕ ಪದಾರ್ಥಗಳಾದುದರಿಂದ ಅವೇ ಅದಕ್ಕೆ ಗ್ರಾಸ. ಶುದ್ಧವಾದ ಹತ್ತಿಯನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕೊಳೆಯಾದ ಬಟ್ಟೆಯನ್ನು ಯಾವ ಹುಳುವೂ ಬಿಡದು. ಆದ್ದರಿಂದ ಮೊದಲನೆಯ ನಿಯಮವಿದು: ಒಗೆಯದ ಬಟ್ಟೆಯನ್ನು ಪೆಟ್ಟಿಗೆಗೆ ಸೇರಿಸಬಾರದು.

ವಿಂಗಡಿಸುವ ಕ್ರಮ

ಮೇ ತಿಂಗಳ ಕೊನೆಯ ವಾರ, ರೋಹಿಣಿ ಮಳೆ ಹುಟ್ಟುವ ಹೊತ್ತು, ಈ ಕೆಲಸಕ್ಕೆ ತಕ್ಕ ಕಾಲ. ಬಿಸಿಲು ಇನ್ನೂ ಇರುತ್ತದೆ. ನಮಗೂ ರಜೆ ಇರುತ್ತದೆ. ಪೆಟ್ಟಿಗೆಯನ್ನು ಪೂರ್ತಿ ಬರಿದುಮಾಡಬೇಕು. ಮೇಲಿನ ನಾಲ್ಕನ್ನು ಸರಿಸಿ ಕೆಳಗಿನದನ್ನು ಹಾಗೆಯೇ ಬಿಟ್ಟರೆ ಅದು ವಿಂಗಡಣೆಯಾಗದು. ಕೆಳಗಿನದರಲ್ಲಿಯೇ ನುಸಿಯ ಸಂಸಾರವಿರುವುದು. ಬರಿದಾದ ಪೆಟ್ಟಿಗೆಯನ್ನು ಒಣಬಟ್ಟೆಯಿಂದ ಒರಸಿ, ಬಾಯಿ ತೆರೆದು ಒಂದು ಹಗಲು ಬಿಸಿಲಿಗಿಡಬೇಕು.

ಅನಂತರ ಒಂದೊಂದೇ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ನಾಲ್ಕು ರಾಶಿ ಮಾಡುವುದು ನಮ್ಮ ಮನೆಯ ಪದ್ಧತಿ. ಉಡುವವು, ರಿಪೇರಿಯಾಗಬೇಕಾದವು, ಕೊಡುವವು, ಹರಿಯುವವು. ಕಳೆದ ಮಳೆಗಾಲದಿಂದ ಈಚೆಗೆ ಒಮ್ಮೆಯೂ ಮೈಗೇರದ ನಿತ್ಯದ ಬಟ್ಟೆ ಮೊದಲನೆಯ ರಾಶಿಗೆ ಸಲ್ಲದು. ಮದುವೆ ಮುಂಜಿಗಳ ಉಡುಪಿಗೆ ಈ ಕಟ್ಟಳೆಯಿಲ್ಲ. ‘ತೆಳ್ಳಗಾದಮೇಲೆ ಹಾಕಿಕೊಳ್ಳುತ್ತೇನೆ’ ಎಂದು ಎತ್ತಿಟ್ಟ ಷರಾಯಿಗಳ ವಿಚಾರದಲ್ಲಿ ಮಾತ್ರ ನಿರ್ದಾಕ್ಷಿಣ್ಯವಾಗಿರಬೇಕೆಂದು ನನ್ನ ಅಭಿಪ್ರಾಯ.

ಈ ನಾಲ್ಕು ರಾಶಿಗೂ ಸೇರದ ಬಟ್ಟೆ ಪ್ರತಿ ಮನೆಯಲ್ಲಿಯೂ ಒಂದೆರಡು ಇರುತ್ತದೆ. ನಮ್ಮಲ್ಲಿ ಅದು ತೀರಿಕೊಂಡ ಅಜ್ಜಿಯ ನೂಲಿನ ಸೀರೆ. ಅದನ್ನು ಉಡುವವರಿಲ್ಲ, ಕೊಡಲು ಮನಸ್ಸೂ ಇಲ್ಲ. “ಇದು ಪೆಟ್ಟಿಗೆಯಲ್ಲಿ ಜೀರ್ಣವಾಗುವುದಕ್ಕಿಂತ ಕೌದಿಯಾಗಲಿ ಮಗಾ, ಮೈಮೇಲಾದರೂ ಇರುತ್ತೆ” ಎಂದು ಅಮ್ಮ ಹೇಳಿದರು. ನೆನಪನ್ನು ಕಾಪಾಡಲು ವಸ್ತುವನ್ನು ಮುಚ್ಚಿಡಬೇಕೆಂದೇನೂ ಇಲ್ಲ, ಬಳಸಿಯೂ ಕಾಪಾಡಬಹುದು ಎಂಬ ತತ್ತ್ವವನ್ನು ಅಮ್ಮ ಯಾವ ಗ್ರಂಥವನ್ನೂ ಓದದೆ ತಿಳಿದಿದ್ದಾರೆ.

ಇಡುವ ಕ್ರಮ

ಹತ್ತಿ: ನಾಲ್ಕು ತಿಂಗಳು ಇಡುವ ಬಟ್ಟೆಗೆ ಗಂಜಿ ಹಾಕಬಾರದು. ಗಂಜಿಯಿದ್ದರೆ ಒಗೆದು ತೆಗೆಯಬೇಕು. ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸಿ, ಬಿಸಿ ಆರಿದ ಮೇಲೆ ಮಡಿಸಬೇಕು.

ರೇಷ್ಮೆ: ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾದಂದಿನಿಂದ ಮೈಸೂರು ರೇಷ್ಮೆ ನಮ್ಮ ಎಷ್ಟೋ ಮನೆಗಳ ದೊಡ್ಡ ಆಸ್ತಿ. ಅದನ್ನು ಸುಡುಬಿಸಿಲಿಗೆ ಹಾಕಬಾರದು; ಬಿಸಿಲು ಎಳೆಯನ್ನು ದುರ್ಬಲಗೊಳಿಸಿ ಬಣ್ಣ ಕೆಡಿಸುತ್ತದೆ. ನೆರಳಿನಲ್ಲಿ ಗಾಳಿಯಾಡಿಸಿ, ಜರಿಯ ಭಾಗ ಒಳಗಾಗುವಂತೆ ಮಡಿಸಿ, ಒಗೆದ ಹಳೆಯ ಪಂಚೆಯಲ್ಲಿ ಸುತ್ತಿಡುವುದು ಕ್ಷೇಮ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆಯನ್ನು ಬದಲಿಸದಿದ್ದರೆ ಸೀರೆ ಮಡಿಕೆಯ ಗೆರೆಯಲ್ಲಿಯೇ ಸೀಳುತ್ತದೆ.

ಉಣ್ಣೆ: ಮಲೆನಾಡಿನ ರೈತನಿಗೆ ಕಂಬಳಿಕೊಪ್ಪೆ ಮಳೆಗಾಲದ ಸಂಗಾತಿ. ಆದುದರಿಂದ ಈ ಕಾಲದಲ್ಲಿ ಕಂಬಳಿಯನ್ನು ಒಳಗಿಡುವುದಲ್ಲ, ಹೊರತೆಗೆಯುವುದು. ಕೊಡವಿ, ಬ್ರಷ್ಷಿನಿಂದ ತಿಕ್ಕಿ, ಬಿಸಿಲಿಗೆ ಹಾಕಬೇಕು. ನುಸಿಯ ಮರಿಗೆ ಬೆಳಕೂ ಅಲುಗಾಟವೂ ಆಗದು. ಮುಟ್ಟದೆ ಬಿಟ್ಟ ಕತ್ತಲೆಯೇ ಅದಕ್ಕೆ ಸ್ವರ್ಗ.

ನುಸಿಗುಳಿಗೆಯ ವಿಷಯದಲ್ಲಿ ಎರಡು ಮಾತು. ಗುಳಿಗೆ ಕರಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ಗುಳಿಗೆಯನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ಮೇಲ್ಭಾಗದಲ್ಲಿಡಬೇಕು, ಜರಿಗೆ ತಾಗಿಸಬಾರದು. ಕರ್ಪೂರದೊಡನೆ ಅದನ್ನು ಬೆರೆಸಿಟ್ಟರೆ ಎರಡೂ ಕೂಡಿ ನೀರಾಗಿ ಬಟ್ಟೆಗೆ ಕಲೆ ಮಾಡುತ್ತವೆ. ಇದಕ್ಕಿಂತ ಮುಖ್ಯವಾದುದು, ಗುಳಿಗೆಯೊಡನೆ ಇಟ್ಟ ಬಟ್ಟೆಯನ್ನು ಹಸುಗೂಸಿಗೆ ಹೊದಿಸಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದ ಬಂದ ಒಂದು ಕೊರತೆಯಿರುತ್ತದೆ. ಅಂಥವರ ಕೆಂಪು ರಕ್ತಕಣಗಳು ಈ ಆವಿಯಿಂದ ಒಡೆದು ಕಾಮಾಲೆಯಾಗುವುದುಂಟು. ಚಿಕ್ಕ ಮಕ್ಕಳು ಪೆಪ್ಪರಮಿಂಟೆಂದು ಬಾಯಿಗಿಟ್ಟುಕೊಳ್ಳುವ ಅಪಾಯವೂ ಇದೆ. ಮಗುವಿರುವ ಮನೆಗೆ ಚೆನ್ನಾಗಿ ಒಣಗಿದ ಬೇವಿನೆಲೆಯೋ ಲಾವಂಚದ ಬೇರೋ ಮೇಲು. ಇವು ಹುಳುವನ್ನು ಕೊಲ್ಲುವುದಿಲ್ಲ, ದೂರವಿಡಲು ನೆರವಾಗುತ್ತವೆ, ಅಷ್ಟೆ. ಹಸಿ ಎಲೆಯನ್ನು ಹಾಕಿದರೆ ತೇವವನ್ನು ನಾವೇ ಕರೆದಂತಾಗುತ್ತದೆ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲಿಟ್ಟು, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಬಿಟ್ಟರೆ ಅರ್ಧ ಕೆಲಸವಾದಂತೆ.

ಹಳೆಯದಕ್ಕೆ ಹೊಸ ಹುಟ್ಟು

ಹೊಸ ಋತುವಿಗೆ ಹೊಸ ಬಟ್ಟೆಯೇ ಬೇಕೆಂದಿಲ್ಲ. ಸವೆದ ಕಾಲರನ್ನು ಬಿಚ್ಚಿ ಒಳಮೈ ಹೊರಗೆ ಬರುವಂತೆ ತಿರುಗಿಸಿ ಹೊಲಿದರೆ ಅಂಗಿಗೆ ಇನ್ನೆರಡು ವರ್ಷ ಆಯುಸ್ಸು. ಬಿದ್ದ ಗುಂಡಿಗಳನ್ನು ಹಾಕಿ, ಅಂಚಿನ ಮಡಿಕೆಯನ್ನು ಬಿಡಿಸಿ ಉದ್ದ ಮಾಡಿದರೆ ಬೆಳೆಯುವ ತಂಗಿಗೂ ಲಂಗ ಸಾಕಾಗುತ್ತದೆ. ಅಂಚು ಹರಿದ ಪಂಚೆ ಟವಲಾಗುತ್ತದೆ, ಟವಲು ಒರಸುಬಟ್ಟೆಯಾಗುತ್ತದೆ, ಒರಸುಬಟ್ಟೆ ಕೊನೆಗೆ ಮಸಿಬಟ್ಟೆಯಾಗಿ ಅಡಿಗೆಮನೆಯಲ್ಲಿ ನಿವೃತ್ತಿ ಪಡೆಯುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿ ಈ ವಿದ್ಯೆಯ ಶಿಖರವೆನ್ನಬೇಕು. ಅವರು ಅಂಚಿನಿಂದ ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಇಡದೆ ಕವಂದಿ ಪೂರ್ಣವಾಯಿತೆನ್ನುವುದಿಲ್ಲ.

ಮೂರನೆಯ ರಾಶಿ

ಈ ಲೇಖನವನ್ನು ನಾನು ಬರೆಯಹೊರಟುದು ‘ಕೊಡುವವು’ ಎಂಬ ಮೂರನೆಯ ರಾಶಿಗಾಗಿ. ೧೮೫೪ರಲ್ಲಿ ಜರ್ಮನಿಯ ಗಾಸನ್ ಎಂಬ ವಿದ್ವಾಂಸನು ನಿರೂಪಿಸಿದ ನಿಯಮವನ್ನು ನಾವೆಲ್ಲ ಇಳಿಮುಖ ತುಷ್ಟಿಗುಣ ನಿಯಮವೆಂದು ಬಾಯಿಪಾಠ ಮಾಡಿದ್ದೇವೆ. ವಸ್ತುವಿನ ಸಂಖ್ಯೆ ಹೆಚ್ಚಿದಂತೆ ಕೊನೆಯದರಿಂದ ದೊರೆಯುವ ತೃಪ್ತಿ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಪರೀಕ್ಷೆಯಲ್ಲಿ ಇದಕ್ಕೆ ಮಾವಿನ ಹಣ್ಣಿನ ಉದಾಹರಣೆ ಬರೆಯುತ್ತೇವೆ. ಅಂಗಿಯ ಉದಾಹರಣೆಯನ್ನು ನಾನು ತರಗತಿಯಲ್ಲಿಯೇ ಕಂಡೆ. ಕಳೆದ ಆರಿದ್ರಾ ಮಳೆಯಲ್ಲಿ ನನ್ನ ಪಕ್ಕದಲ್ಲಿ ಕೂರುವ ಸಹಪಾಠಿಯೊಬ್ಬರು ವಾರಕ್ಕೆ ಎರಡು ದಿನ ಬರುತ್ತಿರಲಿಲ್ಲ. ಜ್ವರವೆಂದುಕೊಂಡಿದ್ದೆ. ಬಹಳ ದಿನಗಳ ಮೇಲೆ ಕಾರಣ ತಿಳಿಯಿತು. ಅವರಿಗಿದ್ದುದು ಎರಡೇ ಜೊತೆ ಬಟ್ಟೆ. ಒಂದು ಮೈಮೇಲೆ ನೆನೆದರೆ ಇನ್ನೊಂದು ಗಳುವಿನ ಮೇಲೆ ಒಣಗಿರುತ್ತಿರಲಿಲ್ಲ. ನನ್ನ ಏಳನೆಯ ಅಂಗಿ ನನಗೆ ಕೊಡುವ ತೃಪ್ತಿ ಸೊನ್ನೆಗೆ ಸಮೀಪ. ಅವರ ಮೂರನೆಯ ಅಂಗಿಯ ಬೆಲೆಯೆಂದರೆ ವಾರದಲ್ಲಿ ಎರಡು ದಿನದ ಪಾಠ. ಹಾಜರಿ ಕಡಿಮೆಯಾದರೆ ಪರೀಕ್ಷೆಗೇ ಕೂರುವಂತಿಲ್ಲ.

ಆದರೆ ಕೊಡುವುದಕ್ಕೂ ಒಂದು ರೀತಿಯಿದೆ. ಹರಿದುದನ್ನು ಕೊಡುವುದು ದಾನವಲ್ಲ, ಕಸವನ್ನು ಮತ್ತೊಬ್ಬರ ಅಂಗಳಕ್ಕೆ ಗುಡಿಸುವುದು. ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ, ನಾವೇ ತೊಟ್ಟು ಬೀದಿಗೆ ಹೊರಡಬಹುದಾದಂಥದನ್ನು ಕೊಡಬೇಕು. ೧೯೯೯ರಲ್ಲಿ ಅಂಶು ಗುಪ್ತ ಅವರು ದೆಹಲಿಯಲ್ಲಿ ಸ್ಥಾಪಿಸಿದ ‘ಗೂಂಜ್’ ಸಂಸ್ಥೆ ಈ ಮಾತನ್ನು ದೇಶಕ್ಕೆ ಕಲಿಸಿತು. ಹಳ್ಳಿಯವರು ತಮ್ಮ ಊರಿಗಾಗಿ ಬಾವಿಯನ್ನೋ ರಸ್ತೆಯನ್ನೋ ದುರಸ್ತಿ ಮಾಡಿಕೊಂಡರೆ ಅದಕ್ಕೆ ಪ್ರತಿಫಲವಾಗಿ ಬಟ್ಟೆ ಕೊಡುವುದು ಅದರ ಕ್ರಮ. ಪಡೆಯುವವನು ಕೈಯೊಡ್ಡಬೇಕಾಗಿಲ್ಲ, ತಲೆತಗ್ಗಿಸಬೇಕಾಗಿಲ್ಲ. ಗುಪ್ತರಿಗೆ ೨೦೧೫ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ನಮ್ಮ ಕಾಲೇಜಿಗೂ ಒಂದು ಸೂಚನೆಯನ್ನು ವಿನಯದಿಂದ ಮುಂದಿಡುತ್ತೇನೆ. ವಿದ್ಯಾರ್ಥಿ ಸಂಘದ ಕೊಠಡಿಯಲ್ಲಿ ಒಂದು ಬೀರು ಇರಲಿ. ರಜೆ ಮುಗಿಸಿ ಬರುವಾಗ ಪ್ರತಿಯೊಬ್ಬರೂ ತಮ್ಮ ಮೂರನೆಯ ರಾಶಿಯಿಂದ ಒಂದು ಒಳ್ಳೆಯ ಬಟ್ಟೆಯನ್ನು ತಂದು ಅಲ್ಲಿಡಲಿ. ಇಟ್ಟವರ ಹೆಸರು ಬೇಡ, ಒಯ್ದವರ ಹೆಸರೂ ಬೇಡ, ಪುಸ್ತಕದಲ್ಲಿ ಸಹಿ ಬೇಡ, ಭಾವಚಿತ್ರವಂತೂ ಬೇಡವೇ ಬೇಡ. ಬೀರಿನ ಬೀಗದ ಕೈಯನ್ನು ಹೆಚ್ಚು ಪ್ರಶ್ನೆ ಕೇಳದ ಅಧ್ಯಾಪಕರೊಬ್ಬರು ಇಟ್ಟುಕೊಂಡರೆ ಸಾಕು. ಅಂಥವರು ನಮ್ಮಲ್ಲಿ ಇದ್ದಾರೆಂದು ನಾನು ಬಲ್ಲೆ.

ಗೆಳೆಯರೇ, ಶಾಸ್ತ್ರವನ್ನು ಓದಿದುದಕ್ಕೆ ಗುರುತು ಪರೀಕ್ಷೆಯ ಅಂಕಪಟ್ಟಿಯಲ್ಲಿ ಮಾತ್ರ ಇರಬಾರದು. ಮೃಗಶಿರ ಮಳೆ ಹಿಡಿಯುವುದಕ್ಕೆ ಮುಂಚೆ ಒಂದು ಹಗಲನ್ನು ಈ ಕೆಲಸಕ್ಕೆ ಕೊಡೋಣ. ನಮ್ಮ ಬಟ್ಟೆ ಹುಳುವಿನ ಬಾಯಿಂದ ಉಳಿಯುತ್ತದೆ. ನಮ್ಮ ಬೆಂಚಿನಲ್ಲಿ ಯಾರ ಜಾಗವೂ ಬಟ್ಟೆಯಿಲ್ಲವೆಂಬ ಕಾರಣಕ್ಕೆ ಖಾಲಿಯಾಗುವುದಿಲ್ಲ.