ಗಡಿನಾಡಿನ ಮೊಲೋಸಿಯನ್ನರು

ಗ್ರೀಸ್ ದೇಶದ ವಾಯವ್ಯದಲ್ಲಿ, ಪಿಂಡಸ್ ಪರ್ವತಶ್ರೇಣಿಗೂ ಅಯೋನಿಯನ್ ಸಮುದ್ರಕ್ಕೂ ನಡುವೆ ಎಪಿರಸ್ ಎಂಬ ಪ್ರಾಂತವಿದೆ. ಪ್ರಾಚೀನ ಗ್ರೀಕರ ನೆಲ ಮುಗಿದು ಇಲಿರಿಯನ್ನರ ಸೀಮೆ ಮೊದಲಾಗುತ್ತಿದ್ದುದು ಇಲ್ಲಿಯೇ. ಇಂದು ಅದರ ಉತ್ತರ ಭಾಗವು ಅಲ್ಬೇನಿಯಕ್ಕೆ ಸೇರಿದೆ. ಈ ಬೆಟ್ಟಗಾಡಿನಲ್ಲಿ ದನಕುರಿಗಳನ್ನು ಸಾಕಿಕೊಂಡು ಬಾಳುತ್ತಿದ್ದ ಬುಡಕಟ್ಟುಗಳಲ್ಲಿ ಮೊಲೋಸಿಯನ್ನರು ಪ್ರಮುಖರು. ಅವರ ಕಾವಲುನಾಯಿಗಳು ಗ್ರೀಸಿನಲ್ಲೆಲ್ಲ ಹೆಸರಾಗಿದ್ದವು. ನಾಯಿಗಳಿಗೆ ದೊರೆತ ಮನ್ನಣೆ ಜನರಿಗೆ ಮಾತ್ರ ದೊರೆಯಲಿಲ್ಲ! ಅವರ ನುಡಿ ಗ್ರೀಕ್. ಅವರ ಅರಸರು ವೀರ ಅಖಿಲೀಸನ ವಂಶಜರೆಂದು ಹೇಳಿಕೊಳ್ಳುತ್ತಿದ್ದರು. ಜ್ಯೂಸ್ ದೇವನ ವಾಣಿಗೆ ಪ್ರಸಿದ್ಧವಾದ ಡೊಡೋನ ಕ್ಷೇತ್ರವೂ ಕಾಲಾನಂತರ ಅವರ ವಶವಾಯಿತು. ಆದರೂ ಅಥೆನ್ಸಿನ ಇತಿಹಾಸಕಾರ ಥುಸಿಡಿಡೀಸನು ಅವರನ್ನು ಅನಾಗರಿಕರ ಸಾಲಿಗೆ ಸೇರಿಸಿದನು.

ಆದರೆ ಒಂದು ಪ್ರಸಂಗವನ್ನು ನಮಗೆ ಉಳಿಸಿಕೊಟ್ಟವನೂ ಅವನೇ. ಕ್ರಿ.ಪೂ. 480ರಲ್ಲಿ ಸಲಾಮಿಸ್ ನೌಕಾಯುದ್ಧದಲ್ಲಿ ಪರ್ಷಿಯನ್ನರನ್ನು ಸೋಲಿಸಿ ಅಥೆನ್ಸನ್ನು ಉಳಿಸಿದ ಥೆಮಿಸ್ಟೋಕ್ಲಿಸನು ಮುಂದೆ ಆ ನಗರದಿಂದಲೇ ಹೊರದೂಡಲ್ಪಟ್ಟನು. ದ್ರೋಹದ ಆರೋಪ ಹೊತ್ತು, ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಳ್ಳುತ್ತ, ಬೇರೆ ದಾರಿ ಕಾಣದೆ ಮೊಲೋಸಿಯನ್ನರ ಅರಸ ಅಡ್ಮೀಟಸನ ಮನೆಗೆ ಬಂದನು. ಇವರಿಬ್ಬರೂ ಮಿತ್ರರಲ್ಲ. ಹಿಂದೊಮ್ಮೆ ಅರಸನು ಅಥೆನ್ಸಿನಲ್ಲಿ ಸಲ್ಲಿಸಿದ್ದ ಬೇಡಿಕೆಯನ್ನು ಥೆಮಿಸ್ಟೋಕ್ಲಿಸನೇ ವಿರೋಧಿಸಿದ್ದನು. ಆಗ ಅರಸನು ಮನೆಯಲ್ಲಿರಲಿಲ್ಲ. ರಾಣಿಯು, ತಮ್ಮ ಮಗುವನ್ನು ಎತ್ತಿಕೊಂಡು ಒಲೆಯ ಬಳಿ ಕುಳಿತುಕೊಳ್ಳುವಂತೆ ಅವನಿಗೆ ತಿಳಿಸಿದಳು. ಮೊರೆಹೊಗುವವನಿಗೆ ಅದಕ್ಕಿಂತ ಬಲವಾದ ರೀತಿ ಬೇರಿರಲಿಲ್ಲ. ಹಿಂದಿರುಗಿದ ಅರಸನು ಹಳೆಯ ಹಗೆಯನ್ನು ಕಂಡನು, ಅವನ ತೋಳಿನಲ್ಲಿ ತನ್ನ ಮಗನನ್ನೂ ಕಂಡನು, ಅವನನ್ನು ಮೇಲಕ್ಕೆಬ್ಬಿಸಿದನು. ಸ್ವಲ್ಪ ಕಾಲದಲ್ಲಿಯೇ ಅಥೆನ್ಸ್ ಮತ್ತು ಸ್ಪಾರ್ಟಗಳ ದೂತರು ಬಂದು ಎಷ್ಟು ಒತ್ತಾಯಿಸಿದರೂ ಅವನನ್ನು ಒಪ್ಪಿಸಲಿಲ್ಲ. ಬೆಟ್ಟಗಳ ದಾರಿಯಿಂದ ಸುರಕ್ಷಿತವಾಗಿ ಪಿಡ್ನ ಪಟ್ಟಣಕ್ಕೆ ಕಳುಹಿಸಿಕೊಟ್ಟನು.

ಈ ಜನರಲ್ಲಿ ಅರಸನೂ ಕಟ್ಟಳೆಗೆ ಒಳಪಟ್ಟವನು. ಪಾಸರಾನ್ ಎಂಬ ಸ್ಥಳದಲ್ಲಿ ಜ್ಯೂಸನಿಗೆ ಬಲಿಯನ್ನರ್ಪಿಸಿ, ಕಾನೂನಿನಂತೆ ಆಳುವೆನೆಂದು ಅರಸನೂ, ಕಾನೂನಿನಂತೆ ಅರಸುತನವನ್ನು ಕಾಯುವೆವೆಂದು ಪ್ರಜೆಗಳೂ ಆಣೆಯಿಡುತ್ತಿದ್ದರೆಂದು ಪ್ಲುಟಾರ್ಕನು ತಿಳಿಸುತ್ತಾನೆ.

ಅಲೆಕ್ಸಾಂಡರನ ತಾಯಿ ಒಲಿಂಪಿಯಸಳು ಈ ರಾಜಮನೆತನದವಳು. ರೋಮನ್ನರನ್ನು ಕ್ರಿ.ಪೂ. 280ರಲ್ಲಿಯೂ 279ರಲ್ಲಿಯೂ ಸೋಲಿಸಿ, ಆ ಗೆಲುವುಗಳಲ್ಲಿಯೇ ತನ್ನ ಸೈನ್ಯವನ್ನು ಸವೆಸಿಕೊಂಡ ಪಿರ್ರಸನೂ ಈ ಮನೆತನದವನೇ. ಒಂದು ಶತಮಾನದ ಅನಂತರ ಮೊಲೋಸಿಯನ್ನರು ರೋಮಿನ ವೈರಿಯಾದ ಮ್ಯಾಸಿಡೋನಿಯದ ಪಕ್ಷ ಹಿಡಿದರು. ಯುದ್ಧ ಮುಗಿದ ಮೇಲೆ, ಕ್ರಿ.ಪೂ. 167ರಲ್ಲಿ, ರೋಮನ್ ಸೇನಾನಿ ಎಮಿಲಿಯಸ್ ಪೌಲಸನು ಎಪಿರಸಿನ 70 ಊರುಗಳನ್ನು ಸೂರೆಗೈದು 1,50,000 ಜನರನ್ನು ಗುಲಾಮರನ್ನಾಗಿಸಿದನು. ಆ ಊರುಗಳಲ್ಲಿ ಹೆಚ್ಚಿನವು ಮೊಲೋಸಿಯನ್ನರವು. ಅಷ್ಟು ದೊಡ್ಡ ಕೊಳ್ಳೆಯಲ್ಲಿ ಒಬ್ಬೊಬ್ಬ ಸೈನಿಕನ ಪಾಲಿಗೆ ಬಂದುದು ಕೇವಲ 11 ಬೆಳ್ಳಿಯ ನಾಣ್ಯಗಳೆಂದು ಪ್ಲುಟಾರ್ಕನು ಬರೆದಿದ್ದಾನೆ.