ದೇಶ ಅಂದರೆ ಊರು

ಅಪ್ಪ ಖರಗ್‌ಪುರದ ರೈಲ್ವೆಯಲ್ಲಿದ್ದರು, ಹಾಗಾಗಿ ನನಗೆ ಬಂಗಾಳಿ ಬಂತು. ಅಷ್ಟೇ ಅರ್ಹತೆ. ಹನ್ನೊಂದು ವರ್ಷದಿಂದ ವೈಟ್‌ಫೀಲ್ಡ್ ಕಡೆಯ ಠಾಣೆಗಳಿಂದ ಫೋನ್ ಬರುತ್ತದೆ: "ಮೇಡಂ, ಇವರೇನು ಹೇಳ್ತಾರೆ, ಸ್ವಲ್ಪ ಬಂದು ಕೇಳಿ." 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಆಶ್ರಯ ಕೋರುವವರಿಗೆಂದೇ ಕಾಯ್ದೆಯೂ ನಮ್ಮಲ್ಲಿಲ್ಲ. 'ನೀನು ಎಲ್ಲಿಯವನು' ಎಂಬ ಪ್ರಶ್ನೆ ಇಲ್ಲಿ ಎದುರಾಗುವುದು ಠಾಣೆಯ ಮೇಜಿನ ಮುಂದೆಯೇ.

1. ಎರಡೂ ಭಾಷೆಯಲ್ಲಿ ಒಂದೇ ಥರ ಕೇಳಿಸುವ ಪದವನ್ನು ನಂಬಬಾರದು. ತೂಬರಹಳ್ಳಿಯ ಶೆಡ್‌ನಲ್ಲಿದ್ದು ಕಸ ಬೇರ್ಪಡಿಸುವ ಹುಡುಗನೊಬ್ಬ "ಈದೆ ದೇಶೆ ಗಿಯೇಛಿಲಾಮ್" ಎಂದ. "ಹಬ್ಬಕ್ಕೆ ದೇಶಕ್ಕೆ ಹೋಗಿದ್ದನಂತೆ" ಎಂದೆ. ರೈಟರ್ ಪೆನ್ನು ನಿಲ್ಲಿಸಿದರು. "ಯಾವ ದೇಶ?" ಬಂಗಾಳಿಯಲ್ಲಿ ದೇಶ್ ಅಂದರೆ ಹುಟ್ಟೂರು ಕೂಡ, ಕೋಲ್ಕತ್ತದ ಸಂಬಳದಾರರೂ ರಜೆ ಸಿಕ್ಕರೆ 'ದೇಶ'ಕ್ಕೆ ಹೋಗುತ್ತಾರೆ. ಇವನ ದೇಶ ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆ. ತಿದ್ದಿ ಹೇಳಿದೆ. ಆದರೆ ತಿದ್ದಿದ್ದೇ ಅನುಮಾನಕ್ಕೆ ದಾರಿಯಾಯಿತು: "ಮೇಡಂ ಈಗ ಮಾತು ತಿರುಗಿಸ್ತಿದ್ದಾರೆ." ಹುಡುಗ ಸಂಜೆವರೆಗೂ ಬೆಂಚಿನ ಮೇಲೇ ಕೂತಿದ್ದ. ತಾನು ವಿದೇಶಿ ಅಲ್ಲವೆಂದು ತೋರಿಸುವ ಹೊಣೆ 1946ರ ಕಾಯ್ದೆಯ 9ನೇ ಕಲಮಿನಲ್ಲೂ ಅವನದೇ ಇತ್ತು, 2025ರ ಹೊಸ ಕಾಯ್ದೆಯಲ್ಲೂ ಅವನದೇ. ಅದರ ಮೇಲೆ ನನ್ನ ಸೋಮಾರಿತನದ್ದೊಂದು ಕಲ್ಲು.

2. "ನೀರಿಗೆ ಪಾನಿ ಅಂತಾನೋ ಜಲ್ ಅಂತಾನೋ ನೋಡಿ" ಎನ್ನುತ್ತಾರೆ ಪೊಲೀಸರು, ಪಾನಿ ಎಂದವನು ಬಾಂಗ್ಲಾದೇಶಿ ಎಂಬ ಲೆಕ್ಕದಲ್ಲಿ. ಪಶ್ಚಿಮ ಬಂಗಾಳದ ಮುಸ್ಲಿಮರೂ ಪಾನಿ ಎನ್ನುತ್ತಾರೆ. ಮಾತು ದಾಟಿಸುವುದು ನನ್ನ ಕೆಲಸ, ಊರು ಪತ್ತೆ ಹಚ್ಚುವುದಲ್ಲ. ಇಷ್ಟು ಹೇಳುವ ಧೈರ್ಯ ಬರಲು ನಾಲ್ಕು ವರ್ಷ ಹಿಡಿಯಿತು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದೇಶಿಗಳು' ಎಂಬ ಮಾತೆದ್ದು ಶೆಡ್‌ಗಳನ್ನು ಕೆಡವಿದಾಗ, ಬಯಲಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಅಚ್ಚ ಕನ್ನಡದವರೂ ಇದ್ದರು.

3. ಬಂಗಾಳಿಯ 'ಓ' ಎಂಬ ಸರ್ವನಾಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಕನ್ನಡದ ಏಕವಚನದಲ್ಲಿ ಹೊಡೆದ, ಹೊಡೆದಳು ಎರಡರಲ್ಲಿ ಒಂದನ್ನು ಆರಿಸದೆ ವಾಕ್ಯವೇ ಮುಗಿಯದು. ಮನೆಗೆಲಸದ ಹೆಂಗಸೊಬ್ಬಳು "ಓ ಮೇರೆಛೆ" ಎಂದಾಗ "ಹೊಡೆದನಂತೆ" ಎಂದುಬಿಟ್ಟೆ. ಹೊಡೆದದ್ದು ಯಜಮಾನಿ. ಈಗ "ಗಂಡಸೋ ಹೆಂಗಸೋ ಅಂತ ಕೇಳ್ತಿದ್ದೀನಿ ಸಾರ್" ಎಂದು ಕನ್ನಡದಲ್ಲಿ ಹೇಳಿ, ಆಮೇಲೆ ಕೇಳುತ್ತೇನೆ. ಇಬ್ಬರ ನಡುವೆ ಏನು ನಡೆಯುತ್ತಿದೆಯೆಂದು ಮೂರನೆಯವರಿಗೂ ತಿಳಿಯಬೇಕು.

4. ಒರಟು ಮಾತನ್ನು ಮೆದು ಮಾಡಬಾರದು. "ಏಯ್, ಹೇಳೋ" ಎಂದದ್ದನ್ನು ನಾನು ಗೌರವದ 'ಆಪ್ನಿ' ಹಾಕಿ ಕೇಳುತ್ತಿದ್ದೆ. ಸಾಹೇಬರು ಗೌರವದಿಂದ ವಿಚಾರಿಸುತ್ತಿದ್ದಾರೆಂದು ನಂಬಿ ಒಬ್ಬ ನಿಧಾನವಾಗಿ ಅಜ್ಜನ ಕಾಲದಿಂದ ಶುರುಮಾಡಿದ. ಮೇಜು ಗುದ್ದಿದ ಸದ್ದಿಗೇ ಅವನಿಗೆ ನಿಜ ತಿಳಿದದ್ದು. ಈಗ ಏಕವಚನದ 'ತುಯಿ' ಎಂದೇ ದಾಟಿಸುತ್ತೇನೆ, ನಾಲಿಗೆ ಕಹಿಯಾದರೂ.

5. ಠಾಣೆಯಲ್ಲಿ ಮೂರನೆಯ ಭಾಷೆಯೊಂದಿದೆ: 'ಸದರಿ', 'ಪಿರ್ಯಾದಿ', 'ಇರುತ್ತದೆ'. ಕೊನೆಗೆ 'ಓದಿ ಹೇಳಲಾಗಿ ಸರಿ ಇರುತ್ತದೆ' ಎಂದು ಬರೆದು ಹೆಬ್ಬೆಟ್ಟು ಒತ್ತಿಸುತ್ತಾರೆ. ಓದಿದ್ದು ಯಾರು, ಯಾವ ಭಾಷೆಯಲ್ಲಿ? 1962ರ ಹರಿಕಿಶನ್ ಪ್ರಕರಣದಲ್ಲಿ, ಇಂಗ್ಲಿಷ್ ಬಾರದ ಬಂಧಿತನಿಗೆ ಬಂಧನದ ಕಾರಣಗಳನ್ನು ಬಾಯಲ್ಲಿ ಅನುವಾದಿಸಿ ಹೇಳಿದರೆ ಸಾಲದು ಎಂದಿತ್ತು ಸುಪ್ರೀಂ ಕೋರ್ಟ್. ಆ ನೆನಪಿನಿಂದ, ಕೊನೇ ಪಕ್ಷ ಸಾಲು ಸಾಲಾಗಿ ಬಂಗಾಳಿಯಲ್ಲಿ ಓದಿ ಹೇಳುತ್ತೇನೆ. ಊಟದ ಹೊತ್ತು ಮೀರಿದರೆ ಎಲ್ಲರಿಗೂ ನನ್ನ ಮೇಲೆ ಸಿಟ್ಟು.

6. ಗೊತ್ತಿಲ್ಲದ ಕಡೆ ಎದ್ದು ಬರಬೇಕು. ಥಣಿಸಂದ್ರ ಕಡೆಯ ರೋಹಿಂಗ್ಯಾ ಕುಟುಂಬವೊಂದರ ಮಾತು ತಿಳಿಸಲು ವಕೀಲರೊಬ್ಬರು ಕರೆದಿದ್ದರು. ಅವರದು ಚಿತ್ತಗಾಂಗ್ ಕಡೆಯ ನುಡಿಗೆ ಹತ್ತಿರ. ಅರ್ಧ ತಿಳಿಯಿತು, ಉಳಿದರ್ಧ ಊಹಿಸಬಹುದಿತ್ತು. ಬೇರೆಯವರನ್ನು ಹುಡುಕಿ ಎಂದೆ. "ಎಲ್ಲ ಒಂದೇ ಬಂಗಾಳಿ ಅಲ್ವಾ?" ಎಂದರು. ಬ್ಯಾರಿಗಳ ಹೇಳಿಕೆ ಬರೆಸಲು ತಿರುವನಂತಪುರದವರನ್ನು ಕರೆಸ್ತೀರಾ ಎಂದು ಕೇಳಿದೆ. ವಕೀಲರು ಮಂಗಳೂರಿನವರು. ನಕ್ಕು, ಫೈಲು ಮಡಚಿಟ್ಟರು.